ದಾಳಿಂಬೆಗೆ ಬೋರಾನ್, ಕ್ಯಾಲ್ಸಿಯಂ ಸಿಂಪರಣೆ: ನಾನು ಮಾಡುವ ಕ್ರಮ

ಹಿರಿಯೂರು ಸೀಮೆಯ ಕಪ್ಪು ಮಣ್ಣಲ್ಲಿ ಸುಣ್ಣದಂಶ ಜಾಸ್ತಿ. ಪಿಎಚ್ (ಹುಳಿ-ಕ್ಷಾರದ ಅಳತೆ) 8 ದಾಟಿದ ಹೊಲದಲ್ಲಿ ಸತುವನ್ನು ಮಣ್ಣಿಗೆ ಎಷ್ಟು ಸುರಿದರೂ ಬೇರಿಗೆ ಸಿಗುವುದು ಅಷ್ಟಕ್ಕಷ್ಟೆ. ಅದಕ್ಕೇ ನಮ್ಮ ಭಗವಾ ತಳಿಯ ದಾಳಿಂಬೆಗೆ ಲಘು ಪೋಷಕಾಂಶಗಳನ್ನು ಎಲೆಗೇ ಕೊಡುತ್ತೇನೆ. ಸತುವಿನ ವಿಷಯ ಎಲ್ಲರಿಗೂ ಗೊತ್ತು. ತಪ್ಪುವುದು ಕಾಯಿ ಸೀಳದಿರಲೆಂದು ಕೊಡುವ ಬೋರಾನ್, ಕ್ಯಾಲ್ಸಿಯಂ ಲೆಕ್ಕದಲ್ಲಿ.

ಜೀವಕೋಶದ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟಿನ ಎಳೆಗಳನ್ನು ಒಂದಕ್ಕೊಂದು ಬಿಗಿಯುವುದು ಈ ಎರಡೇ. ಹೊಸ ಗೋಡೆ ಕಟ್ಟುವಾಗ ಇವು ಸಿಗಬೇಕು, ಕಾಯಿ ಬಣ್ಣ ತಿರುಗಿದ ಮೇಲೆ ಹೊಡೆದರೆ ದುಡ್ಡು ದಂಡ. ಇನ್ನೊಂದು ಮಾತು, ಎಲೆಗೆ ಬಿದ್ದ ಕ್ಯಾಲ್ಸಿಯಂ ಕಾಯಿಗೆ ಇಳಿದು ಬರುವುದಿಲ್ಲ. ಎಲೆ ಮಾತ್ರ ನೆಂದು ಕಾಯಿ ನೆನೆಯದಿದ್ದರೆ ಆ ಸಿಂಪರಣೆ ಸಿಪ್ಪೆಗೆ ಉಪಯೋಗವಿಲ್ಲ. ನಾಝಲ್ ಅನ್ನು ಗಿಡದ ಒಳಗೆ ತೂರಿಸಿ ಕಾಯಿಯ ಸುತ್ತ ತೋಯಿಸುತ್ತೇನೆ.

200 ಲೀಟರ್ ಡ್ರಮ್ಮಿಗೆ 200 ಗ್ರಾಂ ಬೋರಿಕ್ ಆಸಿಡ್, 1 ಕೆಜಿ ಕ್ಯಾಲ್ಸಿಯಂ ನೈಟ್ರೇಟ್. ಬೋರಿಕ್ ಆಸಿಡ್ ತಣ್ಣೀರಲ್ಲಿ ಬೇಗ ಕರಗದು, ಬಕೆಟ್ಟಿನ ಬಿಸಿನೀರಲ್ಲಿ ಕರಗಿಸಿ ಸೋಸಿ ಹಾಕಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಮೊದಲು ಸಿಟ್ರಿಕ್ ಆಸಿಡ್ ಸ್ವಲ್ಪ ಸ್ವಲ್ಪವೇ ಹಾಕಿ ಪಿಎಚ್ 6ರಿಂದ 6.5ಕ್ಕೆ ತರುತ್ತೇನೆ. ಹೂಮೊಗ್ಗು ಕಾಣುವಾಗ ಬೋರಿಕ್ ಆಸಿಡ್ ಒಂದೇ, ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಎರಡೂ ಸೇರಿಸಿ, 20–25 ದಿನ ಬಿಟ್ಟು ಇನ್ನೊಮ್ಮೆ.

ಇದೇ ಡ್ರಮ್ಮಿಗೆ ಸತುವಿನ ಸಲ್ಫೇಟ್, ಮೆಗ್ನೀಸಿಯಂ ಸಲ್ಫೇಟ್, 0:52:34 (ರಂಜಕ-ಪೊಟ್ಯಾಶ್ ಗೊಬ್ಬರ) ಯಾವುದೂ ಬೇಡ. ಸಲ್ಫೇಟ್ ಸೇರಿದರೆ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್), ಫಾಸ್ಫೇಟ್ ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತಳದಲ್ಲಿ ಅಕ್ಕಿಹಿಟ್ಟಿನಂತೆ ಕೂರುತ್ತದೆ, ನಾಝಲ್ ಜಾಲರಿ ಕಟ್ಟುತ್ತದೆ. ಮಳಿಗೆಯವರು ಎಲ್ಲವನ್ನೂ ಒಟ್ಟಿಗೇ ಕಲಸಿ ಹೊಡೀರಿ ಅಂದರೆ ಕೇಳಬೇಡಿ. ಸತುವಿಗೆ ಬೇರೆ ದಿನ, ಚೀಲೇಟೆಡ್ (ಸಾವಯವ ಅಣುವಿಗೆ ಕಟ್ಟಿದ ಸತು) ಆದರೆ ಲೀಟರಿಗೆ ಅರ್ಧ ಗ್ರಾಂ.

ಬೆಳಿಗ್ಗೆ ಬೇಗ, ಇಲ್ಲವೇ ಇಳಿಹೊತ್ತು. ಹನಿ ಬೇಗ ಒಣಗಿದರೆ ಉಪ್ಪು ಎಲೆ ಮೇಲೇ ಉಳಿಯುತ್ತದೆ, ಒಳಗೆ ಹೋಗುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದಲ್ಲಿ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ, ಆಷಾಢದ ಗಾಳಿಗೆ ಅರ್ಧ ಔಷಧ ಪಕ್ಕದ ಹೊಲಕ್ಕೆ.

ಸಕ್ಕರೆ ಅಂಶ ಅಳೆಯಲು ಬ್ರಿಕ್ಸ್ ಮೀಟರ್ ಹಿಡಿದು ಎಲೆರಸ ನೋಡುವವರು ಹೆಚ್ಚಾಗಿದ್ದಾರೆ. ಆ ಅಂಕಿಯನ್ನು ನಾನು ನೆಚ್ಚುವುದಿಲ್ಲ. ನೀರಿಲ್ಲದೆ ಬಾಡಿದ ಗಿಡದಲ್ಲೂ ರಸ ಗಟ್ಟಿಯಾಗಿ ಬ್ರಿಕ್ಸ್ ಏರುತ್ತದೆ, ಬೆಳಿಗ್ಗೆಗೂ ಸಂಜೆಗೂ ವ್ಯತ್ಯಾಸ ಬರುತ್ತದೆ. ಬೋರಾನ್ ಕೊರತೆಯಾದರೆ ಚಿಗುರು ನಿಂತು, ಎಲೆಯಲ್ಲಿ ತಯಾರಾದ ಸಕ್ಕರೆ ಅಲ್ಲೇ ಉಳಿದು ಎಲೆ ದಪ್ಪವಾಗಿ, ಮಡಚಿದರೆ ಪಟ್ ಎಂದು ಮುರಿಯುತ್ತದೆ. ಅಂದರೆ ಎಲೆಯಲ್ಲಿ ಸಕ್ಕರೆ ಜಾಸ್ತಿ ಇರುವುದೇ ಕೊರತೆಯ ಗುರುತಾಗಬಹುದು! ಅಳೆಯುವುದಾದರೆ ಕಾಳಿನ ರಸವನ್ನೇ, ಒಂದೇ ಹೊತ್ತಿನಲ್ಲಿ, ಗಿಡದ ಒಂದೇ ಮಗ್ಗುಲಿನ ಐದಾರು ಕಾಯಿಯಿಂದ ತೆಗೆದು ಸರಾಸರಿ ನೋಡಿ. ಕಾಳು ತುಂಬುವಾಗ ಸಿಹಿ ಏರಲು ಬೇಕಿರುವುದು ಪೊಟ್ಯಾಶ್. 0:0:50 (ಪೊಟ್ಯಾಶಿಯಂ ಸಲ್ಫೇಟ್) ಲೀಟರಿಗೆ 5 ಗ್ರಾಂ, ಅದೂ ಸಲ್ಫೇಟೇ, ಆದ್ದರಿಂದ ಬೇರೆ ಡ್ರಮ್.

ಇಷ್ಟೆಲ್ಲ ಮಾಡಿಯೂ ಕಾಯಿ ಸೀಳಿದರೆ ಡ್ರಿಪ್ ನೋಡಿ. ವಾರ ಒಣಗಿಸಿ ಒಮ್ಮೆಲೇ ನೀರು ಬಿಟ್ಟರೆ ಕಾಳು ಉಬ್ಬುವ ವೇಗಕ್ಕೆ ಸಿಪ್ಪೆ ಹಿಗ್ಗುವುದಿಲ್ಲ, ಅದಕ್ಕೆ ಯಾವ ಸಿಂಪರಣೆಯೂ ಮದ್ದಲ್ಲ. ಹಳೆ ಎಲೆಗಳ ತುದಿ, ಅಂಚು ಹಳದಿಯಾಗಿ ಸುಟ್ಟಂತೆ ಕಂದಿದರೆ ಬೋರಾನ್ ಹೆಚ್ಚಾಗಿರಬಹುದು. ಉಪ್ಪುನೀರಿನ ಬೋರ್‌ವೆಲ್ ಇದ್ದರೂ ಹೀಗೇ ಕಾಣುತ್ತದೆ, ಮಣ್ಣು ನೀರು ಎರಡನ್ನೂ ಪರೀಕ್ಷೆ ಮಾಡಿಸುವವರೆಗೆ ಬೋರಾನ್ ಮುಟ್ಟಬೇಡಿ.