‘ಒಂದು ಸ್ಟಡಿ ಇದೆ, ಸೇರ್ತೀರಾ?’ ಎಂದು ದಂತ ಕಾಲೇಜಿನಲ್ಲಿ ಕೇಳಿದರೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಉಪ್ಪಳ, ಮಂಜೇಶ್ವರದ ಕಡೆಯವರಿಗೆ ಹಲ್ಲುನೋವು ಜಾಸ್ತಿಯಾದರೆ ಹೋಗುವ ದಾರಿ ಗೊತ್ತೇ ಇದೆ. ಬೆಳಗ್ಗಿನ ಬಸ್ಸು ಹಿಡಿದು ಗಡಿಯ ತಲಪಾಡಿ ದಾಟುವುದು, ದೇರಳಕಟ್ಟೆಯಲ್ಲೋ ಮಂಗಳೂರಿನಲ್ಲೋ ದಂತ ಕಾಲೇಜಿನ ಒಪಿಯಲ್ಲಿ ಚೀಟಿ ಮಾಡಿಸುವುದು. ತೆಂಕು ಕಡೆಯವರು ಪೊಯಿನಾಚಿಗೆ ಹೋಗುತ್ತಾರೆ. ಹೊತ್ತು ಹಿಡಿಯುತ್ತದೆ, ಆದರೆ ಕ್ಲಿನಿಕ್ಕಿಗಿಂತ ಖರ್ಚು ಕಡಿಮೆ. ಅಲ್ಲಿ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿರುವಾಗ ಪಿಜಿ ಓದುವ ಡಾಕ್ಟರೊಬ್ಬರು ಕೇಳುವುದುಂಟು: “ನಮ್ಮದೊಂದು ಸ್ಟಡಿ ನಡೀತಾ ಇದೆ. ನಿಮ್ಮ ಹಲ್ಲು ಅದಕ್ಕೆ ಸರಿಹೋಗ್ತದೆ. ಸೇರ್ತೀರಾ?”

ನನ್ನ ಅತ್ತೆಯನ್ನೂ ಒಂದು ಕಾಲೇಜಿನಲ್ಲಿ ಹೀಗೇ ಕೇಳಿದರು. “ಆಯ್ತು ಮಗಾ” ಎಂದು ಅವರು ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿದರು. ಏನು ಬರೆದಿದೆ ಎಂದು ಯಾರೂ ಹೇಳಲಿಲ್ಲ, ಜೊತೆಗಿದ್ದ ನಾನೂ ಓದಲಿಲ್ಲ. ಆರು ತಿಂಗಳ ಮೇಲೆ “ಚೆಕಪ್‌ಗೆ ಬನ್ನಿ” ಎಂದು ಫೋನು ಬಂತು. ಆಗ ಮನೆಯಲ್ಲಿ ಅಡಿಕೆ ಕೊಯ್ಲು. ಹಲ್ಲು ಸರಿಯಾಗಿದೆಯಲ್ಲ, ಸುಮ್ನೆ ಯಾಕೆ ಹೋಗುವುದು ಎಂದು ಅತ್ತೆ ಹೋಗಲಿಲ್ಲ. ಮತ್ತೆ ಎರಡು ಸಲ ಫೋನು ಬಂತು, ಆಮೇಲೆ ಅದೂ ನಿಂತಿತು. ಆ ಡಾಕ್ಟರು ಕಾಯುತ್ತಿದ್ದದ್ದು ಅತ್ತೆಯ ಒಂದು ಹಲ್ಲಿನ ಲೆಕ್ಕಕ್ಕೆ ಎಂದು ನನಗೆ ತಿಳಿದದ್ದು ತುಂಬಾ ತಡವಾಗಿ. ಇಂತಹ ಸ್ಟಡಿಗೆ ಸೇರುವುದು ಒಳ್ಳೆಯ ಕೆಲಸ ಎಂದೇ ನನ್ನ ಅಭಿಪ್ರಾಯ. ಆದರೆ ತಿಳಿದುಕೊಂಡು ಸೇರಬೇಕು. ಹೇಗೆ ಅಂತ ನೋಡೋಣ.

1. ಯಾವುದನ್ನು ಯಾವುದರ ಜೊತೆ ಹೋಲಿಸುತ್ತಾರೆ, ಕೇಳಿ

ಹಲ್ಲಿನ ಸ್ಟಡಿ ಎಂದರೆ ಹೆಚ್ಚಾಗಿ ಎರಡು ಚಿಕಿತ್ಸೆಗಳ ಹೋಲಿಕೆ. ಹುಳುಕು ತೆಗೆದ ಜಾಗಕ್ಕೆ ಹಲ್ಲಿನ ಬಣ್ಣದ ಕಂಪೋಸಿಟ್ ತುಂಬಿಸಿದರೆ ಜಾಸ್ತಿ ದಿನ ಬರುತ್ತದೋ, ಗ್ಲಾಸ್ ಅಯಾನೊಮರ್ ಸಿಮೆಂಟ್ ಬರುತ್ತದೋ? ಆಳದ ಹುಳುಕನ್ನು ಪೂರ್ತಿ ಕೆರೆದು ತೆಗೆಯಬೇಕೋ, ನರದ ಹತ್ತಿರ ಸ್ವಲ್ಪ ಬಿಟ್ಟು ಮುಚ್ಚಿದರೆ ಸಾಕೋ? ಯಾರಿಗೆ ಯಾವುದು ಎಂದು ಡಾಕ್ಟರು ಮನಸ್ಸಿಗೆ ಬಂದಂತೆ ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಇಲ್ಲದಿದ್ದರೆ ಸುಲಭದ ಹಲ್ಲುಗಳೆಲ್ಲ ಹೊಸ ಸಿಮೆಂಟಿನ ಪಾಲಿಗೆ ಹೋಗಿ, ಅದೇ ಒಳ್ಳೆಯದು ಎಂದು ಕಾಣಬಹುದು. ಕೆಲವು ಸ್ಟಡಿಗಳಲ್ಲಿ ಒಬ್ಬರದೇ ಬಾಯಿಯ ಎಡಗಡೆ ಒಂದು ವಿಧಾನ, ಬಲಗಡೆ ಇನ್ನೊಂದು. ತಿನ್ನುವ ಊಟ, ಹಾಕುವ ಎಲೆಅಡಿಕೆ, ಹಲ್ಲುಜ್ಜುವ ಕೈ ಎಲ್ಲ ಒಬ್ಬರದೇ ಆದ್ದರಿಂದ ಹೋಲಿಕೆ ಸರಿಯಾಗುತ್ತದೆ.

ಇದರಿಂದ ಏನು ಸಿಕ್ಕಿತು ಎನ್ನುವುದಕ್ಕೆ ಸ್ಕಾಟ್ಲೆಂಡಿನ ಒಂದು ಉದಾಹರಣೆ ಹೇಳುತ್ತೇನೆ. ಅಲ್ಲಿ ನೋರ್ನಾ ಹಾಲ್ ಎಂಬ ದಂತವೈದ್ಯೆ ಮಕ್ಕಳ ಹುಳುಕು ದವಡೆಹಲ್ಲಿಗೆ ಇಂಜೆಕ್ಷನ್ ಕೊಡದೆ, ಕೊರೆಯದೆ, ಹುಳುಕಿನ ಮೇಲೆಯೇ ಸ್ಟೀಲ್ ಕ್ಯಾಪ್ ಕೂರಿಸುತ್ತಿದ್ದರು. ಕೇಳಿದರೆ ತಪ್ಪು ಚಿಕಿತ್ಸೆ ಎಂದೇ ಅನಿಸುತ್ತದೆ ಅಲ್ವಾ? ಅಲ್ಲಿನ ಡಂಡಿ ನಗರದ ಸಂಶೋಧಕರು ಅದನ್ನು 132 ಮಕ್ಕಳಲ್ಲಿ ಪರೀಕ್ಷಿಸಿದರು. ಪ್ರತಿ ಮಗುವಿನ ಒಂದು ಹಲ್ಲಿಗೆ ಈ ಕ್ಯಾಪ್, ಇನ್ನೊಂದಕ್ಕೆ ಮಾಮೂಲಿ ಫಿಲ್ಲಿಂಗ್. 2007ರಲ್ಲಿ ಪ್ರಕಟವಾದ ಎರಡು ವರ್ಷದ ಲೆಕ್ಕದಲ್ಲಿ ಮಾಮೂಲಿ ಫಿಲ್ಲಿಂಗಿನ ಹಲ್ಲುಗಳಲ್ಲಿ ಶೇ 15ರಷ್ಟಕ್ಕೆ ನೋವು, ಕೀವಿನಂತಹ ದೊಡ್ಡ ತೊಂದರೆ ಬಂದಿತ್ತು. ಕ್ಯಾಪ್ ಹಾಕಿದ ಹಲ್ಲುಗಳಲ್ಲಿ ಶೇ 2ರಷ್ಟಕ್ಕೆ ಮಾತ್ರ. ಒಳಗಿನ ಕ್ರಿಮಿಗಳಿಗೆ ಆಹಾರ ಸಿಗದಂತೆ ಗಟ್ಟಿಯಾಗಿ ಮುಚ್ಚಿದರೆ ಹುಳುಕು ಮುಂದುವರಿಯುವುದು ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ. ಇಂದು ಇಂಜೆಕ್ಷನ್ನಿಗೆ ಹೆದರಿ ಅಳುವ ಎಷ್ಟೋ ಮಕ್ಕಳು ಈ ಕ್ಯಾಪಿನಿಂದ ಪಾರಾಗುತ್ತಿದ್ದಾರೆ. ಆ 132 ಮಕ್ಕಳ ಅಪ್ಪ ಅಮ್ಮ ಅಂದು ಒಪ್ಪಿ, ಕರೆದಾಗಲೆಲ್ಲ ಮಕ್ಕಳನ್ನು ಕರೆತಂದದ್ದರಿಂದ ಇದು ತಿಳಿಯಿತು.

ಈ ಹಂತದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: “ನನ್ನ ಪಾಲಿಗೆ ಎರಡರಲ್ಲಿ ಯಾವುದು ಬಂದರೂ ಹಲ್ಲಿಗೆ ಸರಿಯಾದ ಚಿಕಿತ್ಸೆ ಸಿಗ್ತದಾ?” ಹೌದು ಎಂಬ ಉತ್ತರ ಸ್ಪಷ್ಟವಾಗಿ ಬರಬೇಕು. ಮುಖ ಊದಿಕೊಂಡಿದೆ, ಜ್ವರ ಇದೆ ಎಂದಾದರೆ ಮೊದಲು ಅದಕ್ಕೆ ಮದ್ದು. ಸ್ಟಡಿಯ ಮಾತು ಆಮೇಲೆ.

2. ಕನ್ನಡದ ಕಾಗದ ಕೇಳಿ

ನಮ್ಮ ಊರಿನವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಮನೆಯಲ್ಲಿ ತುಳುವೋ ಮರಾಟಿಯೋ ಮಲಯಾಳವೋ, ಆದರೆ ಓದಿದ್ದು ಕನ್ನಡ ಶಾಲೆಯಲ್ಲಿ. ಕನ್ನಡದಲ್ಲಿ ಓದಿದ ಹಿರಿಯರಲ್ಲಿ ಅನೇಕರಿಗೆ ಮಲಯಾಳ ಮಾತಾಡಲು ಬಂದರೂ ಓದಲು ಬರುವುದಿಲ್ಲ. ಮಾತಿನಲ್ಲಿ ಎಲ್ಲ ಅರ್ಥವಾಯಿತು ಎಂದು ಡಾಕ್ಟರಿಗೆ ಅನಿಸುತ್ತದೆ, ಕೈಯಲ್ಲಿರುವ ಕಾಗದ ಮಾತ್ರ ಅರ್ಥವಾಗಿರುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪತ್ರ ಕೊಡಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು, ಸ್ಟಡಿಗೆ ಸಂಬಂಧವಿಲ್ಲದ ಒಬ್ಬರು ಸಾಕ್ಷಿಯಾಗಿ ಇರಬೇಕು. ಮಕ್ಕಳಾದರೆ ತಂದೆ ತಾಯಿಯ ಸಹಿ ಮಾತ್ರ ಸಾಲದು. 7 ವರ್ಷ ದಾಟಿದ ಮಗುವಿನ ಬಾಯಿಮಾತಿನ ಒಪ್ಪಿಗೆ ಬೇಕು, 12 ದಾಟಿದ್ದರೆ ಬರಹದಲ್ಲಿ ಬೇಕು.

ಆದ್ದರಿಂದ ಸಂಕೋಚ ಬೇಡ. “ಡಾಕ್ಟ್ರೇ, ಕನ್ನಡದ್ದು ಉಂಟಾ?” ಎಂದು ಕೇಳಿ. ಅಲ್ಲೇ ಸಹಿ ಹಾಕಬೇಕು ಎಂದೂ ಇಲ್ಲ. ಮನೆಗೆ ತಂದು, ಶಾಲೆಯ ಟೀಚರಿಗೋ ಪರಿಚಯದ ನರ್ಸಿಗೋ ತೋರಿಸಿ, ಮುಂದಿನ ಸಲ ಕೊಡಬಹುದು. ಸಹಿ ಹಾಕಿದ ಮೇಲೆ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಅತ್ತೆಯ ಫೈಲಿನಲ್ಲಿ ಅದು ಇರಲೇ ಇಲ್ಲ.

ಬೇಡ ಅನಿಸಿದರೆ ಬೇಡ ಎನ್ನಿ. ಸೇರದಿದ್ದರೂ, ಸೇರಿ ನಡುವೆ ಬಿಟ್ಟರೂ, ನಿಮಗೆ ಸಿಗಬೇಕಾದ ಚಿಕಿತ್ಸೆ ನಿಲ್ಲುವಂತಿಲ್ಲ.

3. ನೋಂದಣಿ ನಂಬರು ನೋಡಿ

ಚಿಕಿತ್ಸೆ ಹೋಲಿಸುವ ಸ್ಟಡಿಗಳನ್ನು ದಾಖಲಿಸಲು ನಮ್ಮ ದೇಶದಲ್ಲಿ 2007ರಿಂದ ಸಿಟಿಆರ್‌ಐ (CTRI, ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾ) ಎಂಬ ಸರ್ಕಾರಿ ನೋಂದಣಿ ವ್ಯವಸ್ಥೆ ಇದೆ. ನಂಬರು ‘ಸಿಟಿಆರ್‌ಐ’ ಎಂದು ಶುರುವಾಗಿ, ಆಮೇಲೆ ವರ್ಷ, ತಿಂಗಳು ಬರುತ್ತದೆ. ಮೊಬೈಲಿನಲ್ಲಿ ಯಾರು ಬೇಕಾದರೂ ಹುಡುಕಬಹುದು, ದುಡ್ಡಿಲ್ಲ. ಸೇರುವವರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿದೆಯೇ ಎಂದೂ ಕೇಳಿ.

4. ಖರ್ಚು ಯಾರದು?

ಮಾಮೂಲಿ ಚಿಕಿತ್ಸೆಯ ಫೀಸು ಬೇರೆ. ಆದರೆ ಸ್ಟಡಿಗಾಗಿಯೇ ತೆಗೆಯುವ ಎಕ್ಸ್‌ರೇ, ಮಾಡುವ ಪರೀಕ್ಷೆಗೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳಬಾರದು. ಬಸ್ಸಿನ ಖರ್ಚು ಕೊಡುತ್ತಾರಾ ಎಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಒಂದು ದಿನದ ಕೂಲಿ ಬಿಟ್ಟು ಹೋಗುವವರಿಗೆ ಅದು ದೊಡ್ಡದೇ.

5. ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಫಿಲ್ಲಿಂಗ್ ಹಾಕಿದ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಯಾವುದು ಬಾಳುತ್ತದೆ ಎಂದು ಗೊತ್ತಾಗುವುದು 6 ತಿಂಗಳು, ಒಂದು ವರ್ಷ, ಎರಡು ವರ್ಷದ ಚೆಕಪ್ಪಿನಲ್ಲಿ. ಆಗ ಡಾಕ್ಟರು ಅಂಚು ನೋಡುತ್ತಾರೆ, ಬಣ್ಣ ನೋಡುತ್ತಾರೆ, ಪಕ್ಕದಲ್ಲಿ ಹೊಸ ಹುಳುಕು ಶುರುವಾಗಿದೆಯೇ ಎಂದು ನೋಡುತ್ತಾರೆ. ಎಷ್ಟೋ ಸ್ಟಡಿಗಳಲ್ಲಿ ‘ಆಲ್ಫಾ, ಬ್ರಾವೊ, ಚಾರ್ಲಿ’ ಎಂದು ಅಂಕ ಹಾಕುತ್ತಾರೆ. ಆಲ್ಫಾ ಎಂದರೆ ಚೆನ್ನಾಗಿದೆ, ಬ್ರಾವೊ ಎಂದರೆ ಸಣ್ಣ ಕುಂದು, ಚಾರ್ಲಿ ಎಂದರೆ ತೆಗೆದು ಬೇರೆ ಹಾಕಬೇಕು. ನೋವಿಲ್ಲ ಎಂದು ನೀವು ಹೋಗದಿದ್ದರೆ ನಿಮ್ಮ ಹಲ್ಲಿಗೆ ಅಂಕವೇ ಇಲ್ಲ. ಚೆನ್ನಾಗಿರುವವರೆಲ್ಲ ಮನೆಯಲ್ಲಿ ಉಳಿದು, ನೋವಿರುವವರು ಮಾತ್ರ ಹೋದರೆ ಒಳ್ಳೆಯ ಸಿಮೆಂಟೂ ಕೆಟ್ಟದ್ದು ಎಂದು ತೋರುತ್ತದೆ.

ಹಾಗಾಗಿ ಸೇರುವ ದಿನವೇ ಚೆಕಪ್ಪಿನ ತಿಂಗಳುಗಳನ್ನು ಕೇಳಿ. ಕೊಯ್ಲು, ಮಕ್ಕಳ ಪರೀಕ್ಷೆ, ಜಡಿಮಳೆಯ ಆಟಿ ತಿಂಗಳು ಅಡ್ಡ ಬರುತ್ತದೆ ಎಂದಾದರೆ ಆಗಲೇ ಹೇಳಿ. ಒಂದೆರಡು ವಾರ ಹಿಂದೆ ಮುಂದೆ ಮಾಡಲು ಆಗುತ್ತದಾ ಎಂದು ಕೇಳಿ. ಆಗಲೇ ಆಗದು ಅನಿಸಿದರೆ ಸೇರದಿರುವುದು ಒಳ್ಳೆಯದು.

6. ಫೋನ್ ನಂಬರು ವಿಭಾಗದ್ದೂ ಇರಲಿ

ಪಿಜಿ ಕೋರ್ಸು 3 ವರ್ಷ. ನಿಮ್ಮ ಹಲ್ಲು ನೋಡಿದ ಡಾಕ್ಟರು ಓದು ಮುಗಿಸಿ ಹೋಗಿಬಿಡುತ್ತಾರೆ. ಅವರ ನಂಬರಿನ ಜೊತೆ ವಿಭಾಗದ ನಂಬರೂ ಬರೆದುಕೊಳ್ಳಿ. ಫಿಲ್ಲಿಂಗ್ ಬಿದ್ದರೆ, ತಣ್ಣೀರು ಕುಡಿದಾಗ ಚಳುಕು ಬಂದರೆ ಮುಂದಿನ ಚೆಕಪ್‌ವರೆಗೆ ಕಾಯಬೇಡಿ, ಕೂಡಲೇ ತಿಳಿಸಿ. ಸ್ಟಡಿಯಿಂದ ತೊಂದರೆಯಾಗಿದ್ದರೆ ಅದರ ಚಿಕಿತ್ಸೆ ಅವರದೇ ಜವಾಬ್ದಾರಿ.

ಸ್ಟಡಿ ಮುಗಿದ ಮೇಲೆ ನಿಮ್ಮ ಹಲ್ಲಿಗೆ ಹಾಕಿದ್ದು ಯಾವುದು ಎಂದು ಕೇಳಿ, ಫೈಲಿನಲ್ಲಿ ಬರೆಸಿ. ಮುಂದೆ ಬೇರೆ ಡಾಕ್ಟರು ಆ ಹಲ್ಲನ್ನು ಮುಟ್ಟುವಾಗ ಅದು ಬೇಕಾಗುತ್ತದೆ. ಅತ್ತೆಯ ಬಲಗಡೆಯ ದವಡೆಹಲ್ಲಿನಲ್ಲಿ ಇರುವುದು ಕಂಪೋಸಿಟ್ಟೋ ಸಿಮೆಂಟೋ ಎಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಕೊಯ್ಲು ಮುಗಿದ ಕೂಡಲೇ ಹಳೆಯ ಒಪಿ ಚೀಟಿ ಹಿಡಿದುಕೊಂಡು, ಕೇಳಿ ಬರಲು ಇಬ್ಬರೂ ಹೋಗುತ್ತಿದ್ದೇವೆ.