ಮಲಪ್ರಭೆಯ ದಂಡೆಯ ಹಳೆಯ ಮನೆ: ಕೆಡವುವ ಮೊದಲು ಅನುಮತಿ

ಪಟ್ಟದಕಲ್ಲು, ಐಹೊಳೆಗಳಲ್ಲಿ ಹಳೆಯ ಮನೆ ಇರುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಗೋಡೆ ಕೆಡವಬೇಡಿ. ಬಾದಾಮಿಯಲ್ಲಿ ಮನೆಗಳ ನಕ್ಷೆ ಬರೆಯುವುದು ನನ್ನ ಉದ್ಯೋಗ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಮನೆಗಳಿಗೂ ನುಗ್ಗಿದ ಮೇಲೆ ನನ್ನ ಬಳಿ ಬಂದ ಹೆಚ್ಚಿನವರು ಕೇಳಿದ್ದು, ಹಳೆಯದನ್ನು ತೆಗೆದು ನೆಲಗಟ್ಟು ಎತ್ತರಿಸಿ ಹೊಸದಾಗಿ ಕಟ್ಟಬಹುದೇ ಎಂದು. ಬೇರೆ ಊರಿನಲ್ಲಾದರೆ ಅದು ಒಳ್ಳೆಯ ಯೋಚನೆ. ಗುಡಿಯ ಮಗ್ಗುಲಲ್ಲಿ ಅದು ಮನೆಯನ್ನೇ ಕಳೆದುಕೊಳ್ಳುವ ದಾರಿ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆಯನ್ನು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ ಹಿಡಿಯಬೇಕು. ಐಹೊಳೆಯಲ್ಲಿ ಗುಡಿಗಳು ಓಣಿಓಣಿಗೂ ಇವೆ. ದುರ್ಗ ಗುಡಿ ದೂರವಿದೆ ಎಂದು ನೆಮ್ಮದಿಯಿಂದಿರಬೇಡಿ, ಹಿತ್ತಲಿನಾಚೆಯ ಸಣ್ಣ ಗುಡಿಯೂ ಪಟ್ಟಿಯಲ್ಲಿರಬಹುದು.

ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಹೊಸದಾಗಿ ಕಟ್ಟಬಹುದು. ನಿಷೇಧಿತ ಪ್ರದೇಶದಲ್ಲಿ ಸಿಗುವುದು ದುರಸ್ತಿ ಮತ್ತು ನವೀಕರಣದ ಅನುಮತಿ ಮಾತ್ರ, ಅದೂ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಅಥವಾ ಆಮೇಲೆ ಒಪ್ಪಿಗೆ ಪಡೆದು ಕಟ್ಟಿದ ಮನೆಗೆ. ಮನೆಯನ್ನು ಮೇಲಕ್ಕೋ ಪಕ್ಕಕ್ಕೋ ಬೆಳೆಸಿದರೆ ಕಾಯ್ದೆಯ ಕಣ್ಣಿನಲ್ಲಿ ಅದು ನಿರ್ಮಾಣ. ಪೂರ್ತಿ ಕೆಡವಿ ಅದೇ ಅಳತೆಯಲ್ಲಿ ಎಬ್ಬಿಸಿದರೂ ಪುನರ್ನಿರ್ಮಾಣ, ದುರಸ್ತಿಯಲ್ಲ. ಆದ್ದರಿಂದಲೇ ನಿಂತಿರುವ ಗೋಡೆಯನ್ನು ಉಳಿಸಿಕೊಳ್ಳಿ ಎಂದು ಅಂಗಲಾಚುತ್ತೇನೆ. ಅನುಮತಿಯಿಲ್ಲದೆ ಕಟ್ಟಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಹಾಗಾದರೆ ಏನು ಮಾಡಬಹುದು? ಸಾಕಷ್ಟು. ಹಿಂದಿನ ನೆರೆಯ ಗುರುತು ಗೋಡೆಯ ಮೇಲೆ ಎಲ್ಲಿದೆ ನೋಡಿ, ಸ್ವಿಚ್ಚು, ಮೀಟರುಗಳನ್ನು ಅದಕ್ಕಿಂತ ಮೇಲಕ್ಕೆ ಒಯ್ಯಿರಿ. ಶೌಚಾಲಯದ ಕೊಳವೆಗೆ ನೀರು ಹಿಂದಕ್ಕೆ ನುಗ್ಗದಂತೆ ತಡೆಯುವ ಕವಾಟ ಕೂಡಿಸಿ. ಮನೆಯೊಳಗೆ ಹಗೇವು, ಅಂದರೆ ಕಾಳು ತುಂಬಿಡುವ ನೆಲದಡಿಯ ಕುಳಿ, ಇದ್ದರೆ ಅದರ ಬಾಯಿ, ಒಡಲುಗಳನ್ನು ಭದ್ರಪಡಿಸಿ, ಅದು ಕುಸಿದರೆ ಪಡಸಾಲೆಯ ನೆಲವೇ ಇಳಿಯುತ್ತದೆ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗೆ ಸಿಮೆಂಟ್ ಗಿಲಾವು ಬೇಡವೇ ಬೇಡ. ಒಳಗೆ ಸೇರಿದ ನೀರು ಹೊರಬರಲಾಗದೆ ಮಣ್ಣು ಮೆತ್ತಗಾಗಿ, ನೆರೆ ಇಳಿದ ಎಷ್ಟೋ ದಿನಗಳ ಮೇಲೆ ಗೋಡೆ ಉಬ್ಬಿ ಬೀಳುತ್ತದೆ. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡಿ ಒಣಗುತ್ತದೆ. ಬಾಗಿಲಿಗೆ ತೊಡಿಸಿ ತೆಗೆಯುವ ಹಲಗೆಗಳು ಸಣ್ಣ ನೀರಿಗೆ ಸಾಕು. ಎರಡಡಿ ಮೀರಿದ ನೀರನ್ನು ಮಾತ್ರ ಹೊರಗೆ ತಡೆದು ನಿಲ್ಲಿಸಬೇಡಿ. ಆ ಒತ್ತಡಕ್ಕೆ ಗೋಡೆ ಒಳಕ್ಕೆ ಕುಸಿಯಬಹುದು. ಸಾಮಾನು, ಜನ, ಎತ್ತು, ಎಮ್ಮೆಗಳನ್ನು ಸಾಗಿಸಿ ನೀರನ್ನು ಒಳಗೆ ಬಿಡುವುದೇ ಲೇಸು.

ಈ ಎಲ್ಲವನ್ನೂ ನಕ್ಷೆಯಲ್ಲಿ ತೋರಿಸಿ. ಈಗಿನ ಮನೆ, ಆಗಬೇಕಾದ ಮನೆ, ಎರಡನ್ನೂ ಒಂದೇ ಅಳತೆಯಲ್ಲಿ ಬರೆಸಿ, ಹೊರಗೆರೆಯೂ ಎತ್ತರವೂ ಕೂದಲೆಳೆಯಷ್ಟೂ ಬದಲಾಗಿಲ್ಲ ಎಂಬುದು ಕಣ್ಣಿಗೆ ಕಾಣಬೇಕು. ಚರಂಡಿಯನ್ನು ಕಾಯ್ದೆ ನಿರ್ಮಾಣವೆಂದು ಎಣಿಸುವುದಿಲ್ಲ. ಆದರೂ ಅಗೆಯುವ ಕೆಲಸವಾದ್ದರಿಂದ ನಾನು ಅದನ್ನೂ ಅರ್ಜಿಯಲ್ಲಿ ಬರೆಯುತ್ತೇನೆ. ಇ-ಸ್ವತ್ತು ಉತಾರ (ಪಂಚಾಯಿತಿ ಕೊಡುವ ಆಸ್ತಿ ದಾಖಲೆ), ನಾಲ್ಕೂ ದಿಕ್ಕಿನ ಫೋಟೋ, 1992ಕ್ಕಿಂತ ಹಿಂದಿನ ಮನೆ ತೆರಿಗೆ ರಸೀದಿ ಅಥವಾ ವಿದ್ಯುತ್ ಬಿಲ್ಲು ಜೊತೆಗಿರಲಿ. ಅಜ್ಜನ ಕಾಲದ ಟ್ರಂಕು ಹುಡುಕಿ, ಕಡತ ನಿಲ್ಲುವುದು ಆ ರಸೀದಿಯ ಮೇಲೆಯೇ.

ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಸ್ಮಾರಕ ಕಾಯ್ದೆಯಡಿ ಅನುಮತಿ ಕೊಡಲು ನೇಮಕವಾದ ಅಧಿಕಾರಿಗೆ. ಅವರು 15 ದಿನದೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅಲ್ಲಿಂದ ಎರಡು ತಿಂಗಳೊಳಗೆ ಶಿಫಾರಸು ಬರಬೇಕು, ಮತ್ತೊಂದು ತಿಂಗಳಲ್ಲಿ ತೀರ್ಮಾನ. ಗ್ರಾಮ ಪಂಚಾಯಿತಿಯ ಅನುಮತಿ ಬೇರೆ, 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಡಿ ಅದನ್ನೂ ಪಡೆಯಿರಿ. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ದೀಪಾವಳಿ ಮುಗಿದ ಕೂಡಲೇ ಅರ್ಜಿ ಹಾಕಿದರೆ ಶಿವರಾತ್ರಿಯ ಹೊತ್ತಿಗೆ ಕೆಲಸ ಹಿಡಿಯಬಹುದು. ಯುಗಾದಿಯ ನಂತರದ ಬಿಸಿಲಿಗೆ ಸುಣ್ಣದ ಗಾರೆ ಬೇಗ ಒಣಗಿ ಬಿರಿಯುತ್ತದೆ. ಒದ್ದೆ ಗೋಣಿತಟ್ಟು ಹೊದಿಸಿ, ಕಾರಹುಣ್ಣಿಮೆಗೆ ಮೊದಲೇ ಗಿಲಾವು ಮುಗಿಸಿ.