ಸಂಘದ ನಡಾವಳಿ ಕಿವಿಗೆ ದಕ್ಕುವಂತೆ

ಡೊಂಬಿವಲಿಯ ನಮ್ಮ ಕನ್ನಡ ಸಂಘದ ನಡಾವಳಿಯನ್ನು ನಾನು ಬರೆಯುವುದು ಲಿಬ್ರೆಆಫೀಸ್ ರೈಟರ್‌ನಲ್ಲಿ, ಕೇಳುವುದು ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವಾದ ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಕನ್ನಡ ದನಿಯಲ್ಲಿ. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ. ದನಿ ತಗಡು ಬಡಿದ ಹಾಗಿದೆ, ಆದರೆ ಕಿವಿ ಒಗ್ಗುತ್ತದೆ.

ದೊಡ್ಡ ತಲೆನೋವು ಹಳೆಯ ನುಡಿ ಫಾಂಟಿನ ಫೈಲುಗಳದು. ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಗಲಿಬಿಲಿ ಕೇಳಿಸುತ್ತದೆ. ಇನ್ಸರ್ಟ್ ಜೊತೆ ಎಫ್ ಒತ್ತಿದರೆ ಫಾಂಟಿನ ಹೆಸರು ತಿಳಿಯುತ್ತದೆ. ಅಂಥ ಫೈಲಿನಲ್ಲಿ ‘ಕನ್ನಡ’ ಎಂಬ ಪದ ಇಂಗ್ಲಿಷಿನ ಪಿ, ಪೌಂಡ್ ಚಿಹ್ನೆ, ಕ್ಯೂ ಇತ್ಯಾದಿಯಾಗಿ ಕೂತಿರುತ್ತದೆ; ಕನ್ನಡದ ರೂಪ ಇರುವುದು ಫಾಂಟಿನಲ್ಲಿ ಮಾತ್ರ. ಫಾಂಟ್ ಬದಲಿಸಿ ಉಪಯೋಗವಿಲ್ಲ, ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೇ ಹಾಕಬೇಕು. ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದೇ ಅಕ್ಷರ ಬಾಣದ ಕೀಲಿಯಿಂದ ಕೇಳುತ್ತೇನೆ. ನುಡಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ, ಯೂನಿಕೋಡಿನಲ್ಲಿ ರಕಾರ ಮೊದಲು. ‘ಕರ್ನಾಟಕ’, ‘ಶರ್ಮ’ ಕೆಡುವುದು ಇಲ್ಲೇ.

ಯಾವ ಭಾಷೆಯಲ್ಲಿ ಓದಬೇಕೆಂದು ಎನ್‌ವಿಡಿಎಗೆ ತಿಳಿಯಲು ಭಾಷೆಯ ಗುರುತೂ ಬೇಕು. ಟೂಲ್ಸ್‌ನ ಆಪ್ಷನ್ಸ್ ಒಳಗೆ ಭಾಷೆಗಳ ಪುಟದಲ್ಲಿ ಭಾರತೀಯ ಲಿಪಿಗಳು ಸೇರುವ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಖಾನೆಗೆ ಕನ್ನಡ ಆರಿಸುತ್ತೇನೆ. ಮುಂಬಯಿಯಲ್ಲಿ ಇದಕ್ಕೊಂದು ಕೊಕ್ಕೆ: ದೇವನಾಗರಿಯೂ ಅದೇ ಖಾನೆಗೆ ಸೇರುವುದರಿಂದ ನಡುವೆ ಬರುವ ಮರಾಠಿ ಸಾಲಿಗೂ ಕನ್ನಡದ ಗುರುತೇ ಬೀಳುತ್ತದೆ. ಆ ಸಾಲನ್ನಷ್ಟೇ ಆಯ್ದು ಫಾರ್ಮ್ಯಾಟ್, ಕ್ಯಾರೆಕ್ಟರ್‌ಗೆ ಹೋಗಿ ಮರಾಠಿ ಮಾಡಬೇಕು.

ಶೀರ್ಷಿಕೆಯನ್ನು ಬರೀ ದಪ್ಪ ಮಾಡಿದರೆ ನನಗೆ ಅದು ಶೀರ್ಷಿಕೆಯೇ ಅಲ್ಲ. ಕಂಟ್ರೋಲ್ 1 ಅಥವಾ 2 ಒತ್ತಿ ಹೆಡಿಂಗ್ ಮಾಡಿಟ್ಟರೆ, ಎಫ್5 ಒತ್ತಿ ನ್ಯಾವಿಗೇಟರ್‌ನಿಂದ ಬೇಕಾದ ಠರಾವಿಗೆ ನೇರ ಹಾರಬಹುದು. ವಂತಿಗೆಯ ಪಟ್ಟಿಯಲ್ಲಿ ಕೋಶಗಳನ್ನು ಬೆಸೆದು ಒಂದಾಗಿಸಲು ಹೋಗಬೇಡಿ, ಯಾವ ಮೊತ್ತ ಯಾರ ಹೆಸರಿನದು ಎಂಬ ಲೆಕ್ಕ ತಪ್ಪುತ್ತದೆ.

ಹಂಚುವ ಮೊದಲು ಫೈಲ್, ಪ್ರಾಪರ್ಟೀಸ್‌ನಲ್ಲಿ ಶೀರ್ಷಿಕೆ ತುಂಬಿ, ಟೂಲ್ಸ್‌ನ ಆಕ್ಸೆಸಿಬಿಲಿಟಿ ಚೆಕ್ ಓಡಿಸುತ್ತೇನೆ. ಸಂಘದ ಲಾಂಛನಕ್ಕೆ ವಿವರಣೆ ಇಲ್ಲದಿದ್ದರೆ ಅಲ್ಲೇ ಹೇಳುತ್ತದೆ. ಪಿಡಿಎಫ್ ಮಾಡುವಾಗ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಪಿಡಿಎಫ್/ಯುಎ (ಎಲ್ಲರಿಗೂ ಓದಲಾಗುವ ಪಿಡಿಎಫ್‌ನ ಮಾನದಂಡ) ಗುರುತು ಹಾಕಬೇಕು; ಇದು 7.0 ಆವೃತ್ತಿಯಿಂದ ಇದೆ. ಪ್ರಿಂಟ್ ಆಜ್ಞೆಯಿಂದ ಪಿಡಿಎಫ್ ಮಾಡಿದರೆ ಮಾತ್ರ ಹಾಕಿದ ಹೆಡಿಂಗೆಲ್ಲ ಉದುರಿಹೋಗುತ್ತದೆ.